ರೂಟರ್ ಕೊಳ್ಳುವ ಮುಂಚೆ ಮನೆಯಲ್ಲಿರೋ ಸಾಧನ ಎಣಿಸಿ

ಕೆಳಗೆ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ವೈಫೈ. ನಾಲ್ಕೈದು ಮೊಬೈಲ್, ಟಿವಿ, ಮಕ್ಕಳ ಲ್ಯಾಪ್‌ಟಾಪ್, ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಎರಡು ಕ್ಯಾಮೆರಾ. ಸಂಜೆ ವ್ಯಾಪಾರದ ಹೊತ್ತಿಗೇ ಬಿಲ್ ನಿಧಾನ, ಕ್ಯಾಮೆರಾ ಆಫ್‌ಲೈನ್. ಹೊಸ ರೂಟರ್ ತಂದರೂ ಎಷ್ಟೋ ಜನರಿಗೆ ಈ ಕಾಟ ತಪ್ಪಲ್ಲ. ಡಬ್ಬಿ ಮೇಲಿನ ದೊಡ್ಡ ನಂಬರ್ ನೋಡಿ ಕೊಂಡರೆ ಹೀಗೇ ಆಗೋದು. ಮೊದಲು ನೋಡಬೇಕಾದ್ದು ಇವು:

ಎರಡು ಬ್ಯಾಂಡ್: 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ಅಡ್ಡ ಬಂದರೆ ಸುಸ್ತು. ಕಡಿಮೆ ಬೆಲೆಯ ವೈಫೈ ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಹಳೇ ಪ್ರಿಂಟರ್‌ಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಓಡುತ್ತವೆ. ಹಾಗಾಗಿ ಎರಡೂ ಇರುವ ಡ್ಯುಯಲ್ ಬ್ಯಾಂಡ್ ರೂಟರೇ ಬೇಕು. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಟಿವಿ, ಹೊಸ ಮೊಬೈಲ್‌ಗಳನ್ನು 5ಕ್ಕೆ ಹಾಕಿ. 2.4ರ ಮೇಲಿನ ಭಾರ ಇಳಿಯುತ್ತೆ, ಕ್ಯಾಮೆರಾ ನೆಟ್ಟಗೆ ಓಡುತ್ತೆ.

ಡಬ್ಬಿಯ ನಂಬರ್: 1200 ಅಂದರೆ 2.4ರ 300, 5ರ 867 ಕೂಡಿಸಿ ಸರಿಸುಮಾರು ಬರೆದ ಅಂಕಿ. ಒಂದೇ ಮೊಬೈಲ್‌ಗೆ ಅಷ್ಟೂ ಸಿಗಲ್ಲ. ಪ್ಲಾನ್ 100 ಎಂಬಿಪಿಎಸ್ ಇದ್ದರೆ ಯಾವ ರೂಟರೂ ಅದನ್ನು 200 ಮಾಡಲ್ಲ. ಪ್ಲಾನ್ 100 ಮೀರಿದ್ದರೆ ಮಾತ್ರ ಗಿಗಾಬಿಟ್ ಪೋರ್ಟ್ ಇದೆಯಾ ಅಂತ ಕೇಳಿಯೇ ತಗೊಳ್ಳಿ.

ವೈಫೈ 6: ಒಂದೇ ಸಲಕ್ಕೆ ಹಲವು ಸಾಧನಗಳಿಗೆ ಡೇಟಾ ಹಂಚಬಲ್ಲದು. ಹತ್ತು ಹದಿನೈದು ಸಾಧನ ಇರುವ ಕಡೆ ಒಳ್ಳೆಯದು. ಆದರೆ ಪೂರ್ತಿ ಲಾಭ ವೈಫೈ 6 ಇರುವ ಮೊಬೈಲ್, ಲ್ಯಾಪ್‌ಟಾಪ್‌ಗೆ ಮಾತ್ರ. ಹಳೆಯವು ಕನೆಕ್ಟ್ ಆಗುತ್ತವೆ, ಹಳೇ ವೇಗದಲ್ಲೇ.

ಭದ್ರತೆ: ಡಬ್ಲ್ಯುಪಿಎ 3 ಒಂದನ್ನೇ ಇಟ್ಟರೆ ಹಳೇ ಪ್ರಿಂಟರ್, ಕ್ಯಾಮೆರಾ ಸೇರದೇ ಹೋಗಬಹುದು. 2 ಮತ್ತು 3 ಎರಡನ್ನೂ ಒಪ್ಪುವ ಸೆಟ್ಟಿಂಗ್ ಇಡಿ. ಗಿರಾಕಿಗಳು ಪಾಸ್‌ವರ್ಡ್ ಕೇಳಿದರೆ ಗೆಸ್ಟ್ ನೆಟ್‌ವರ್ಕ್‌ದು ಕೊಡಿ, ಬಿಲ್ಲಿಂಗ್ ಕಂಪ್ಯೂಟರ್ ಇರುವ ವೈಫೈದು ಬೇಡ.

ಕರೆಂಟ್ ಹೋದಾಗ: ಫೈಬರ್ ಡಬ್ಬಿ, ರೂಟರ್ ಎರಡಕ್ಕೂ ಬ್ಯಾಕಪ್ ಇದ್ದರಷ್ಟೇ ನೆಟ್ ಉಳಿಯುತ್ತೆ. ಮಿನಿ ಯುಪಿಎಸ್ ತರುವಾಗ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಹೋಗಿ.

ದುಡ್ಡು ಹಾಕುವ ಮೊದಲು ಇನ್ನೊಂದು ಕೆಲಸ. ಈಗಿರುವ ರೂಟರ್ ಬೀರುವಿನ ಹಿಂದೆಯೋ ಮೂಲೆಯಲ್ಲೋ ಇದ್ದರೆ ನಡುಮನೆಯಲ್ಲಿ ಎತ್ತರಕ್ಕಿಡಿ. ಬಿಲ್ಲಿಂಗ್ ಕಂಪ್ಯೂಟರ್‌ಗೆ ಕೇಬಲ್ ಎಳೆಸಿ. ಎರಡು ದಿನ ನೋಡಿ. ಅಷ್ಟರಲ್ಲೇ ಸರಿಹೋದರೆ ಹೊಸ ರೂಟರಿನ ಖರ್ಚೇ ಉಳಿಯಿತು.