‘ಧಕ್ಕೆ’ ಎಂಬ ಪೆಟ್ಟು

ಮಂಗಳೂರಿನವರಿಗೆ ‘ದಕ್ಕೆ’ ಎಂದರೆ ದೋಣಿ ಬಂದು ನಿಲ್ಲುವ, ಬೆಳ್ಳಂಬೆಳಗ್ಗೆ ಬಂಗುಡೆ, ಬೂತಾಯಿ ಹರಾಜಾಗುವ ಜಾಗ. ಮರಾಠಿಯ ‘ಧಕ್ಕಾ’ಕ್ಕೂ ಹಡಗುಕಟ್ಟೆ, ನೂಕು ಎಂಬ ಎರಡು ಅರ್ಥಗಳಿವೆ, ಮುಂಬೈಯಲ್ಲಿ ‘ಭಾವೂಚಾ ಧಕ್ಕಾ’ ಇಂದಿಗೂ ಇದೆ. ಬಂದರಿನಿಂದಾಚೆಯ ಕನ್ನಡದಲ್ಲಿ ಮಾತ್ರ ಧಕ್ಕೆ ಎಂದರೆ ಪೆಟ್ಟೇ. ಮಾನಕ್ಕೆ ಧಕ್ಕೆ, ಆರೋಗ್ಯಕ್ಕೆ ಧಕ್ಕೆ, ಪರಿಸರಕ್ಕೆ ಧಕ್ಕೆ. ಈಚೆಗಂತೂ ಅದು ‘ಭಾವನೆ’ಯ ಬೆನ್ನು ಬಿಡುತ್ತಿಲ್ಲ.

ಈ ನಂಟಿನ ಹಿಂದೆ ಒಂದು ಕಾನೂನಿದೆ. ಲಾಹೋರಿನ ಪ್ರಕಾಶಕ ರಾಜಪಾಲ್ ಪ್ರವಾದಿಯವರ ಖಾಸಗಿ ಬದುಕನ್ನು ಗೇಲಿ ಮಾಡುವ ಕಿರುಹೊತ್ತಗೆಯೊಂದನ್ನು ಹೊರತಂದಿದ್ದರು. ಅಂಥ ಬರಹವನ್ನು ಶಿಕ್ಷಿಸುವ ಕಲಂ ಇಲ್ಲವೆಂದು 1927ರಲ್ಲಿ ಹೈಕೋರ್ಟು ಅವರನ್ನು ಬಿಟ್ಟಿತು. ಗದ್ದಲವೆದ್ದಿತು, ಅದೇ ವರ್ಷ ದಂಡ ಸಂಹಿತೆಗೆ, ಧಾರ್ಮಿಕ ಭಾವನೆ ಕೆರಳಿಸುವ ಅವಮಾನವನ್ನು ಶಿಕ್ಷಿಸುವ 295ಎ ಸೇರಿತು. ಆದರೂ 1929ರಲ್ಲಿ ರಾಜಪಾಲ್ ಕೊಲೆಯಾದರು. ಆ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299; ಶಿಕ್ಷೆ 3 ವರ್ಷದವರೆಗೆ ಜೈಲು.

ಕಲಂ ಬರೆದವರು ಹುಷಾರಾಗಿಯೇ ಬರೆದಿದ್ದರು. ಅವಮಾನ ಬೇಕೆಂದೇ, ದುರುದ್ದೇಶದಿಂದ ಮಾಡಿದ್ದಾಗಿರಬೇಕು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದದ್ದೂ ಈ ಷರತ್ತನ್ನು ನೆಚ್ಚಿಯೇ. ಅಂದರೆ ಕಾನೂನು ಹುಡುಕುವುದು ಧಕ್ಕೆ ‘ತಂದವರ’ ಮನಸ್ಸನ್ನು. ಠಾಣೆಗೆ ಬರುವ ದೂರಿನಲ್ಲಿ ಸಿಗುವುದು ‘ಧಕ್ಕೆಯಾಗಿದೆ’ ಎಂಬ ಮಾತು. ಕರ್ತೃವಿಲ್ಲದ ಈ ಕ್ರಿಯಾಪದ ಬಲು ಅನುಕೂಲದ್ದು. ಅದನ್ನು ಬಳಸಲು ಪುಸ್ತಕ ಓದಿರಬೇಕೆಂದೂ ಇಲ್ಲ!

ಪುಸ್ತಕ ಮುಟ್ಟುಗೋಲಿಗಂತೂ ಯಾರ ಮೇಲೂ ಅಪರಾಧ ಸಾಬೀತಾಗಬೇಕಿಲ್ಲ. ಸರ್ಕಾರಕ್ಕೆ ಹಾಗೆ ಕಂಡು, ಕಾರಣ ಬರೆದು ಅಧಿಸೂಚನೆ ಹೊರಡಿಸಿದರೆ ಆಯಿತು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಆದದ್ದು ಅದೇ. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರು. 2007ರಲ್ಲಿ ಗೆದ್ದದ್ದು ಸರ್ಕಾರ.

ಹಾಗಾದರೆ ಯಾರ ನೋವಿಗೂ ಕಿವಿಗೊಡುವುದು ಬೇಡವೆ? ಬೇಕು. ದಲಿತರನ್ನು ಜಾತಿಯ ಹೆಸರು ಹಿಡಿದು ಬೈಯುವ ಬಾಯಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಬೀಗ ಹಾಕಿದ್ದು ಸರಿಯೇ. ಅಲ್ಲಿ ಏಟು ಬೀಳುವುದು ಎದುರಿಗಿರುವ ಮನುಷ್ಯನಿಗೆ, ಅದೂ ಹುಟ್ಟಿನ ಕಾರಣಕ್ಕೆ. ‘ಧರ್ಮಕಾರಣ’ದಲ್ಲಿ ಹನ್ನೆರಡನೆಯ ಶತಮಾನದವರ ಬಗ್ಗೆ ಕಾದಂಬರಿಕಾರ ಮಾಡುವ ಊಹೆಯನ್ನು ಅದರ ಸಾಲಿಗೆ ಸೇರಿಸಲಾಗದು. ಊಹೆ ತಪ್ಪಿದ್ದರೆ, ಕೀಳಾಗಿದ್ದರೂ ಸರಿ, ಅದನ್ನು ಜಾಲಾಡಲು ಕನ್ನಡದಲ್ಲಿ ಪತ್ರಿಕೆಗಳಿವೆ, ವಿಮರ್ಶಕರಿದ್ದಾರೆ. ಧಕ್ಕೆಯಾಗಿದೆ ಎನ್ನುವವರು ಯಾವ ಪುಟ, ಯಾವ ಸಾಲು ಎಂಬುದನ್ನು ಮೊದಲು ತೋರಿಸಲಿ.