ನೋವಿಲ್ಲದ ಒಸಡಿಗೆ ಚಿಕಿತ್ಸೆ ಯಾಕೆ?

ಹಲ್ಲಿನ ಡಾಕ್ಟರ ಬಳಿ ಹೋಗಿ ಬಂದ ಅಮ್ಮಿಯ ಕೈಯಲ್ಲೊಂದು ಚೀಟಿ ಇತ್ತು. ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದು ಸಲಕ್ಕೆ ಒಂದೊಂದು ಭಾಗದ ಒಸಡನ್ನು ಕೊಯ್ದು ಬಿಡಿಸಿ ಒಳಗೆ ಶುಚಿ ಮಾಡಬೇಕೆಂದು ಅದರಲ್ಲಿ ಬರೆದಿತ್ತು. ಕೆಳಗೆ ಖರ್ಚಿನ ಲೆಕ್ಕ. "ನನಗೆ ನೋವೇ ಇಲ್ಲವಲ್ಲ ಬೇಟಾ, ಇದೆಲ್ಲ ಬೇಕಾ?" ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಡಾಕ್ಟರನ್ನು ಅನುಮಾನಿಸಲು ಕಾರಣವಿರಲಿಲ್ಲ. ನಂಬಿ ಅಷ್ಟು ಹಣ ಕಟ್ಟುವ ಧೈರ್ಯವೂ ಇರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿದಾಗ ನಮಗೆ ತಿಳಿದದ್ದು, ಇದು ಸಾವಿರ ವರ್ಷದಷ್ಟು ಹಳೆಯ ಪ್ರಶ್ನೆ ಎಂಬುದು.

ಸ್ಪೇನಿನ ಕುರ್ತುಬಾ ನಗರದ ಪಕ್ಕದಲ್ಲಿ ಬಾಳಿದ ಅಬುಲ್ ಕಾಸಿಮ್ ಅಲ್ ಝಹ್ರಾವಿ (ನಿಧನ 1013) 'ಅತ್ತಸ್ರೀಫ್' ಎಂಬ 30 ಭಾಗಗಳ ವೈದ್ಯಗ್ರಂಥ ಬರೆದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಯದು. ಹಲ್ಲಿನ ಒಳಹೊರಗೆ, ಒಸಡಿನ ಸಂದಿನಲ್ಲಿ ಗಾರೆಯಂತೆ ಕಟ್ಟುವ ಗಟ್ಟಿ ಕೊಳೆಯೇ ಒಸಡನ್ನು ಕೆಡಿಸುತ್ತದೆ ಎಂದು ಅವರು ಗುರುತಿಸಿದ್ದರು. ಅದನ್ನು ಕೆರೆದು ತೆಗೆಯುವ ಹತ್ತಾರು ಸಲಕರಣೆಗಳ ಚಿತ್ರಗಳನ್ನೂ ಕೊಟ್ಟರು. ಒಂದೇ ದಿನ ಹೋಗದಿದ್ದರೆ ಮರುದಿನ, ಅದರ ಮರುದಿನ ಕೆರೆಯಿರಿ ಎಂದರು. ಆದರೆ ಹಲ್ಲು ಕೀಳುವ ಮಾತು ಬಂದಾಗ ಅವರ ಧ್ವನಿಯೇ ಬೇರೆ. ಆತುರ ಬೇಡ, ಬೇರೆಲ್ಲ ದಾರಿ ಮುಗಿದ ಮೇಲಷ್ಟೇ ಕೀಳಬೇಕು. ತಿಳಿಯದ ಕ್ಷೌರಿಕರು ಕೆಟ್ಟ ಹಲ್ಲು ಬಿಟ್ಟು ಒಳ್ಳೆಯದನ್ನು ಕೀಳುತ್ತಾರೆ ಎಂದು ಎಚ್ಚರಿಸಿದರು. ಮಾಡಲೇಬೇಕಾದದ್ದು ಯಾವುದು, ಮಾಡಬಾರದ್ದು ಯಾವುದು ಎಂಬ ಎರಡೂ ವಿವೇಕ ಒಬ್ಬರಲ್ಲೇ ಇತ್ತು. 12ನೇ ಶತಮಾನದಲ್ಲಿ ಈ ಭಾಗ ಲ್ಯಾಟಿನ್‌ಗೆ ಹೋಗಿ ಯುರೋಪಿನ ವೈದ್ಯರ ಪಠ್ಯವಾಯಿತು.

ಈ ವಿವೇಕ ಮುಂದೆ ಎಲ್ಲ ಕಾಲಕ್ಕೂ ಉಳಿಯಲಿಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಪಯೋರಿಯಾ ಬಂದರೆ ಒಸಡನ್ನೇ ಕತ್ತರಿಸುವ ರೂಢಿಯಿತ್ತು. ಜಾನ್ ರಿಗ್ಸ್ ಎಂಬ ದಂತವೈದ್ಯ ಅದನ್ನು ವಿರೋಧಿಸಿ, ಒಸಡಿನ ಕೆಳಗಿನ ಕೊಳೆ ಕೆರೆದರೆ ಸಾಕೆಂದು ವಾದಿಸಿದ. 1910ರಲ್ಲಿ ಬ್ರಿಟಿಷ್ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣ ಗಾಳಿಯ ದಿಕ್ಕನ್ನೇ ಬದಲಿಸಿತು. ಬಾಯಿಯ ಸೋಂಕೇ ಮೈಯ ನಾನಾ ರೋಗಗಳ ಮೂಲ ಎಂಬ ನಂಬಿಕೆ ಹಬ್ಬಿ, ಜನ ಸಾಲುಗಟ್ಟಿ ಹಲ್ಲು ಕೀಳಿಸಿಕೊಂಡರು. ನ್ಯೂಜೆರ್ಸಿಯ ಮಾನಸಿಕ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ ಹುಚ್ಚು ಬಿಡಿಸುವ ಹೆಸರಿನಲ್ಲಿ ರೋಗಿಗಳ ಹಲ್ಲುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕಿತ್ತ. ಆ ರೋಗಿಗಳು 'ಇದು ಬೇಕಾ?' ಎಂದರೂ ಕೇಳುವವರು ಯಾರೂ ಇರಲಿಲ್ಲ.

ಹಾಗಾದರೆ ನೋವಿಲ್ಲದ ಒಸಡನ್ನು ಅದರ ಪಾಡಿಗೆ ಬಿಡಬಹುದೆ? ಅದಕ್ಕೂ ಇತಿಹಾಸ ಉತ್ತರಿಸಿದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. ನಂತರ 1970ರಿಂದ 1985ರವರೆಗೆ ಲೋ ಅವರ ತಂಡ ಶ್ರೀಲಂಕಾದ 480 ಚಹಾ ತೋಟದ ಕಾರ್ಮಿಕರ ಬಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಅವರಿಗೆ ಬ್ರಷ್ಷೂ ಇರಲಿಲ್ಲ, ದಂತವೈದ್ಯರೂ ಇರಲಿಲ್ಲ. ಶೇಕಡಾ 11ರಷ್ಟು ಮಂದಿಗೆ ಒಸಡಿನ ಊತಕ್ಕಿಂತ ಹೆಚ್ಚೇನೂ ಆಗಲಿಲ್ಲ. ಶೇಕಡಾ 81 ಮಂದಿಯಲ್ಲಿ ರೋಗ ಮೆಲ್ಲಗೆ ಬೆಳೆಯಿತು. ಉಳಿದ ಶೇಕಡಾ 8 ಮಂದಿ 45ರ ವಯಸ್ಸಿಗೆಲ್ಲ ಬೋಡುಬಾಯಿಯವರಾದರು. ಆರೈಕೆಯೇ ಸಿಗದ ಬಡ ಕೂಲಿಗಳ ಬಾಯಿ ಜಗತ್ತಿನ ದಂತವೈದ್ಯರಿಗೆಲ್ಲ ಪಠ್ಯಪುಸ್ತಕವಾಯಿತು ಎಂಬುದನ್ನು ನಾವು ಮರೆಯಬಾರದು. ಅವರಿಂದ ಕಲಿತ ಪಾಠ ಇಷ್ಟು: ಒಸಡಿನ ರೋಗ ಎಲ್ಲರನ್ನೂ ಒಂದೇ ರೀತಿ ಕಾಡುವುದಿಲ್ಲ. ಅದು ಸಾಮಾನ್ಯವಾಗಿ ನೋವು ಕೊಡದೆ ಬೆಳೆಯುವುದರಿಂದ ಅಮ್ಮಿಯ "ನೋವೇ ಇಲ್ಲವಲ್ಲ" ಎಂಬ ಮಾತು ಪುರಾವೆಯಾಗದು.

ಹಾಗಿದ್ದರೆ ಪುರಾವೆ ಯಾವುದು? ಹಲ್ಲು ಮತ್ತು ಒಸಡಿನ ನಡುವಿನ ಸಂದಿನ ಆಳ. ಗೆರೆ ಹಾಕಿದ ಸಣ್ಣ ಕಡ್ಡಿಯಿಂದ ಅದನ್ನು ಅಳೆಯುತ್ತಾರೆ. ಸ್ವೀಡನ್ನಿನ ಯಾನ್ ಲಿಂಡೆ ಮತ್ತು ಸಂಗಡಿಗರು 1982ರಲ್ಲಿ ತೋರಿಸಿಕೊಟ್ಟಂತೆ, ಸಂದು ಸುಮಾರು 3 ಮಿಲಿಮೀಟರಿಗಿಂತ ಕಡಿಮೆ ಇರುವಲ್ಲಿ ಒಸಡಿನ ಕೆಳಗೆ ಕೆರೆದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಸುಮಾರು 4 ಮಿಲಿಮೀಟರಿಗಿಂತ ಕಡಿಮೆ ಇರುವಲ್ಲಿ ಒಸಡು ಕೊಯ್ದರೂ ಅಷ್ಟೆ. ಯುರೋಪಿನ ಒಸಡುತಜ್ಞರ ಒಕ್ಕೂಟ 2020ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹಂತಹಂತವಾಗಿಯೇ ಹೋಗುತ್ತದೆ: ಮೊದಲು ಮನೆಯಲ್ಲಿ ಸರಿಯಾಗಿ ಉಜ್ಜುವ ಅಭ್ಯಾಸ, ಆಮೇಲೆ ಒಸಡಿನ ಕೆಳಗಿನ ಕ್ಲೀನಿಂಗ್, ಆಮೇಲೆ ಮತ್ತೆ ಅಳತೆ. ಇಷ್ಟಾದ ಮೇಲೂ 6 ಮಿಲಿಮೀಟರು ಅಥವಾ ಹೆಚ್ಚು ಆಳ ಉಳಿದಲ್ಲಿ ಕತ್ತಿಯ ಮಾತು.

ನಾವು ಅಮ್ಮಿಯನ್ನು ಕರೆದುಕೊಂಡು ಅದೇ ಡಾಕ್ಟರ ಬಳಿ ಮತ್ತೆ ಹೋದೆವು. ಯಾವ ಹಲ್ಲಿನಲ್ಲಿ ಎಷ್ಟು ಮಿಲಿಮೀಟರು, ರಕ್ತ ಬರುತ್ತದೆಯೆ, ಎಕ್ಸ್‌ರೇಯಲ್ಲಿ ಎಲುಬು ಸವೆದಿದೆಯೆ, ಮೊದಲು ಕ್ಲೀನಿಂಗ್ ಮಾಡಿ ನೋಡಬಹುದೆ ಎಂದು ಕೇಳಿದೆವು. ಅವರ ಮುಖ ಸ್ವಲ್ಪ ಗಂಟಿಕ್ಕಿತು. ಆದರೂ ಕಡ್ಡಿ ಹಿಡಿದು ಒಂದೊಂದೇ ಹಲ್ಲು ಅಳೆದು ಬರೆದರು. ಹೆಚ್ಚಿನವು ಮೂರು, ನಾಲ್ಕು. ಹಿಂದಿನ ಎರಡು ದವಡೆ ಹಲ್ಲುಗಳಲ್ಲಿ ಮಾತ್ರ ಏಳು. ಇಷ್ಟು ವರ್ಷ ಮಿಸ್ವಾಕ್ ಬಿಡದ ಅಮ್ಮಿಯ ಮುಂದಿನ ಹಲ್ಲುಗಳು ಮುತ್ತಿನಂತಿದ್ದವು. ಮಿಸ್ವಾಕ್ ತಲುಪದ ಮೂಲೆಯಲ್ಲಿ ರೋಗ ಕುಳಿತಿತ್ತು.

ಕ್ಲೀನಿಂಗ್ ಆಯಿತು. ಮೂರು ತಿಂಗಳ ನಂತರ ಅಳೆದಾಗ ಒಂದು ಹಲ್ಲು ನಾಲ್ಕಕ್ಕೆ ಇಳಿದಿತ್ತು, ಇನ್ನೊಂದು ಆರರಲ್ಲೇ ನಿಂತಿತ್ತು. ನಾಲ್ಕು ಭಾಗದ ಶಸ್ತ್ರಚಿಕಿತ್ಸೆ ಒಂದು ಹಲ್ಲಿಗೆ ಬಂದು ನಿಂತಿತು. ಅದನ್ನು ಅಮ್ಮಿ ಮರುಮಾತಿಲ್ಲದೆ ಮಾಡಿಸಿಕೊಂಡರು.