ಹಡಗಿನ ದಿನಚರಿಯಿಂದ ಬ್ಲಾಗಿನವರೆಗೆ

'ಬ್ಲಾಗ್' ಎಂಬ ಮಾತು ಈಗ ಕನ್ನಡದಲ್ಲಿಯೂ ಸಲೀಸಾಗಿ ನಡೆಯುತ್ತಿದೆ. ಆದರೆ ಅದರ ಮೂಲ ಸಮುದ್ರದ ಮೇಲಿದೆ ಎಂದರೆ ನಿಮಗೆ ಸೋಜಿಗವೆನಿಸಬಹುದು. ಹಿಂದಿನ ಕಾಲದಲ್ಲಿ ಯೂರೋಪಿನ ನಾವಿಕರು ಹಡಗಿನ ವೇಗವನ್ನು ತಿಳಿಯಲು, ಗಂಟುಗಳುಳ್ಳ ಹಗ್ಗಕ್ಕೆ ಮರದ ತುಂಡೊಂದನ್ನು ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಗೊತ್ತಾದ ಅವಧಿಯಲ್ಲಿ ಎಷ್ಟು ಗಂಟುಗಳು ಕೈಯಿಂದ ಸರಿದುವೋ ಅದರಿಂದ ವೇಗದ ಲೆಕ್ಕ. ಆ ಮರದ ತುಂಡಿಗೆ ಇಂಗ್ಲಿಷಿನಲ್ಲಿ 'ಲಾಗ್' ಎಂದು ಹೆಸರು. ಲೆಕ್ಕವನ್ನು ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಬರಬರುತ್ತ ಗಾಳಿ, ಮಳೆ, ದಾರಿ, ಅಪಾಯ ಎಲ್ಲವೂ ಆ ಪುಸ್ತಕದಲ್ಲಿ ತಾರೀಖಿನೊಡನೆ ಸೇರಿದುವು.

1997ರ ಡಿಸೆಂಬರಿನಲ್ಲಿ ಜೋರ್ನ್ ಬಾರ್ಗರ್ ಎಂಬ ಅಮೆರಿಕನ್ನರು, ಅಂತರಜಾಲದಲ್ಲಿ ತಾವು ದಿನವೂ ಓದಿದ್ದನ್ನು ಪಟ್ಟಿ ಮಾಡುತ್ತಿದ್ದ ಪುಟಕ್ಕೆ 'ವೆಬ್‌ಲಾಗ್' ಎಂದು ಹೆಸರಿಟ್ಟರು. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಎಂಬವರು ತಮಾಷೆಗಾಗಿ ಆ ಪದವನ್ನೇ 'ವಿ ಬ್ಲಾಗ್' ಎಂದು ಒಡೆದರು. ತಮಾಷೆಯ ಮಾತೇ ಉಳಿದುಕೊಂಡಿತು. ಹೆಸರಿಗಿಂತ ಕೆಲಸ ಹಳೆಯದು: ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿ ಜಸ್ಟಿನ್ ಹಾಲ್ 1994ರಲ್ಲಿಯೇ ತನ್ನ ಬದುಕಿನ ಸಂಗತಿಗಳನ್ನು ಜಾಲತಾಣದಲ್ಲಿ ಬರೆಯತೊಡಗಿದ್ದನು.

ಆದರೆ ಆಗ ಇದು ಬಲ್ಲವರ ವಿದ್ಯೆ. ಪುಟವನ್ನು ಕಟ್ಟುವ ಸಂಕೇತಭಾಷೆಯನ್ನು ಕಲಿತಿರಬೇಕಾಗಿತ್ತು. ಬರೆದುದನ್ನು ದೂರದ ಯಂತ್ರಕ್ಕೆ ರವಾನಿಸುವ ಕ್ರಮವೂ ಗೊತ್ತಿರಬೇಕಾಗಿತ್ತು. 1999ರ ಆಗಸ್ಟಿನಲ್ಲಿ ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ 'ಬ್ಲಾಗರ್' ಎಂಬ ಸೌಕರ್ಯವನ್ನು ಹೊರತಂದ ಮೇಲೆ ಈ ತೊಡಕು ಬಹುಮಟ್ಟಿಗೆ ಕಳೆಯಿತು. ಚೌಕದೊಳಗೆ ಬರೆಯುವುದು, ಗುಂಡಿ ಒತ್ತುವುದು, ಅಷ್ಟೆ. ಹೊಸ ಬರಹ ಮೇಲೆ, ಹಳೆಯದು ಕೆಳಗೆ. 2003ರಲ್ಲಿ ಗೂಗಲ್ ಆ ಸಂಸ್ಥೆಯನ್ನು ಕೊಂಡಿತು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ 'ವರ್ಡ್‌ಪ್ರೆಸ್' ಹೊರಬಂದದ್ದೂ ಅದೇ ವರ್ಷ. ಸಂಪಾದಕರ ಒಪ್ಪಿಗೆ, ಮುದ್ರಣಾಲಯ, ಕಾಗದ, ಅಂಚೆ ಇವು ಯಾವುವೂ ಇಲ್ಲದೆ ಒಬ್ಬನ ಮಾತು ಲೋಕಕ್ಕೆ ತಲಪುವಂತಾಯಿತು.

ಇದರ ಬೆಲೆ ಏನೆಂಬುದನ್ನು ಇರಾನಿನ ಕಥೆಯಿಂದ ತಿಳಿಯಬಹುದು. ಟೆಹರಾನಿನಲ್ಲಿ ಹುಟ್ಟಿ ಟೊರಾಂಟೋ ನಗರದಲ್ಲಿ ನೆಲೆಸಿದ್ದ ಹೊಸೇನ್ ದೆರಖ್ಶಾನ್ ಎಂಬ ಪತ್ರಕರ್ತರು 2001ರಲ್ಲಿ ಫಾರಸಿಯಲ್ಲಿ ಬ್ಲಾಗು ಆರಂಭಿಸಿದರು. ಫಾರಸಿ ಲಿಪಿಯಲ್ಲಿ ಬ್ಲಾಗು ಬರೆಯುವ ಬಗೆಯನ್ನು ಅದೇ ವರ್ಷ ಹಂತಹಂತವಾಗಿ ವಿವರಿಸಿ ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಸಾವಿರಾರು ಇರಾನಿಯರು ಬರೆಯುವವರಾದರು. ಸರ್ಕಾರ ಸುಮ್ಮನಿರಲಿಲ್ಲ. 2003ರಲ್ಲಿ ಸೀನಾ ಮೊತಲ್ಲೆಬಿ ಎಂಬ ಪತ್ರಕರ್ತರು ಬ್ಲಾಗಿನ ಕಾರಣದಿಂದ ಬಂಧಿತರಾದರು. ಒಮಿದ್ ರೆಜಾ ಮಿರ್ ಸಯಾಫಿ ಎಂಬ ತರುಣ 2009ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡನು. ದೆರಖ್ಶಾನರೂ 2008ರಲ್ಲಿ ಸೆರೆಯಾಗಿ, 2014ರಲ್ಲಿ ಬಿಡುಗಡೆ ಹೊಂದಿದರು.

ಲಿಪಿಯ ತೊಡಕು ನಮ್ಮನ್ನೂ ಕಾಡಿತ್ತು. 1991ರ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯತನಕ ಒಬ್ಬರ ಗಣಕದಲ್ಲಿ ಬರೆದ ಕನ್ನಡ ಇನ್ನೊಬ್ಬರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿದ್ದುದುಂಟು. ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮೊದಲಾದುವು ಬೆರಳಚ್ಚಿನ ದಾರಿಯನ್ನು ಸುಗಮಗೊಳಿಸಿದುವು. ಯೂನಿಕೋಡ್ ಮನೆಮನೆಯ ಗಣಕಗಳಿಗೆ ಬಂದ ಮೇಲೆ ಊರಿನವರೂ ಹೊರದೇಶದಲ್ಲಿದ್ದವರೂ ಒಂದೇ ಅಂಗಳದಲ್ಲಿ ಕೂತು ಬರೆದರು. ಅಡೆತಡೆ ಇಲ್ಲಿಯೂ ಇತ್ತು. 2006ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೆಲವೇ ಪುಟಗಳನ್ನು ತಡೆಯಲು ಆಜ್ಞೆ ಮಾಡಿದಾಗ, ಅಂತರಜಾಲ ಒದಗಿಸುವ ಸಂಸ್ಥೆಗಳು 'ಬ್ಲಾಗ್‌ಸ್ಪಾಟ್' ತಾಣವನ್ನೇ ಕೆಲವು ದಿನ ಮುಚ್ಚಿಬಿಟ್ಟುವು. ಕೆಲವರ ಸಲುವಾಗಿ ಎಲ್ಲರ ಬಾಗಿಲಿಗೂ ಬೀಗ!

ಮುಂದೆ ಫೇಸ್‌ಬುಕ್, ಟ್ವಿಟರ್ ಬೆಳೆದು ಜನ ಅತ್ತ ಸರಿದರು. ಸೆರೆಯಿಂದ ಹೊರಬಂದ ದೆರಖ್ಶಾನರು 2015ರಲ್ಲಿ ಬರೆದ ಲೇಖನದಲ್ಲಿ ಇದನ್ನು ಕಂಡು ಮರುಗಿದ್ದಾರೆ. ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಓದುಗನನ್ನು ಕರೆದೊಯ್ಯುತ್ತಿದ್ದ ಕೊಂಡಿಗಳು ಕ್ಷೀಣಿಸಿ, ಯಂತ್ರ ಆರಿಸಿ ಬಡಿಸಿದ್ದನ್ನು ಉಣ್ಣುವ ಅಭ್ಯಾಸ ಬಂತೆಂಬುದು ಅವರ ಅಳಲು. ಇನ್ನೊಂದು ಅಪಾಯವೂ ಉಂಟು. ಪರರ ತಾಣದಲ್ಲಿ ಬರೆದುದಕ್ಕೆ ಪರರ ಹಂಗು ತಪ್ಪದು. 'ಪೋಸ್ಟರಸ್' ಎಂಬ ಬ್ಲಾಗು ತಾಣವನ್ನು 2013ರಲ್ಲಿ ಅದರ ಒಡೆಯರು ಮುಚ್ಚಿದಾಗ, ಮೊದಲೇ ಪ್ರತಿ ತೆಗೆದುಕೊಳ್ಳದವರ ಬರಹ ಕೈತಪ್ಪಿತು.

ಹಡಗಿನ ಲಾಗ್ ಪುಸ್ತಕಗಳು ಶತಮಾನಗಳ ತರುವಾಯವೂ ಉಳಿದಿವೆ; ಅಂದಿನ ಹವಾಮಾನವನ್ನು ಅರಿಯಲು ವಿಜ್ಞಾನಿಗಳು ಇಂದು ಅವನ್ನೇ ತೆರೆದು ನೋಡುತ್ತಾರೆ. ಬರೆದವನಿಗೆ ಅದು ದಿನದ ಕರ್ತವ್ಯ ಮಾತ್ರವಾಗಿತ್ತು. ನೀವೋ ನಿಮ್ಮ ಮನೆಯವರೋ ಹಿಂದೆ ಬ್ಲಾಗು ಬರೆದಿದ್ದರೆ, ಇಂದೇ ಅದನ್ನು ಹುಡುಕಿ ತೆರೆಯಿರಿ. ಇನ್ನೂ ಇದ್ದರೆ ಒಂದು ಪ್ರತಿಯನ್ನು ಮನೆಯಲ್ಲಿ ತೆಗೆದಿಡಿ.